ರಾಹುಕಾಲದಲ್ಲಿ ಹೊರಟ ಎಂಟು ಪ್ರತಿಗಳು

"ಸುಳ್ಳು ಹೇಳಿದ್ದು ನಾನಲ್ಲ ಅಕ್ಕಾ. ಅಳ್ತಾ ನಿಮ್ಮನೆ ಬಾಗ್ಲಿಗೆ ಬಂದ್ರಲ್ಲ, ಆ ಮೇಡಮ್ಮು!"

ಹೀಗಂದು ಕದಿರೇಶ್ ತನ್ನ ಫೋನನ್ನು ಭಾರತಮ್ಮನ ಮೂಗಿನವರೆಗೂ ತಂದು ಹಿಡಿದ. ಅವನು ಈಗ ದುಡಿಯುತ್ತಿದ್ದ ನರಸಾಪುರದ ಕಾರ್ಖಾನೆ ಗೇಟಿನ ಎದುರು ಮಧ್ಯಾಹ್ನ ಒಂದು ಗಂಟೆಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪರದೆಯಲ್ಲಿ ತನ್ನ ಮುಖವೇ ಕಂಡಿತೇ ಹೊರತು ಬೇರೇನೂ ಕಾಣಲಿಲ್ಲ. ಭಾರತಮ್ಮ ಸೆರಗನ್ನು ಫೋನಿನ ಮೇಲೆ ಮರೆಹಿಡಿದು, ಕನ್ನಡಕ ಸರಿಪಡಿಸಿಕೊಂಡು ಮತ್ತೆ ನೋಡಿದಳು.

"ಬೇಗ ನೋಡಿ. ಒಂದೂ ಇಪ್ಪತ್ತಕ್ಕೆ ಒಳಗೆ ಪಂಚ್ ಮಾಡ್ಬೇಕು. ಒಂದು ನಿಮಿಷ ತಡ ಆದ್ರೂ ಅರ್ಧ ದಿನ ಕಟ್."

"ಇರು ಮಾರಾಯ. ಅರವತ್ತೊಂದು ವರ್ಷದ ಕಣ್ಣು ಇದು. ನಿನ್ನ ಮಿಷನ್ನಲ್ಲ."

ಪರದೆಯಲ್ಲಿದ್ದದ್ದು ವೇಮಗಲ್ ಪ್ರೆಸ್ಸಿನ ಆರ್ಡರ್ ಪಟ್ಟಿಯ ಫೋಟೋ. ಆ ಪ್ರೆಸ್ಸಿನ ಕೆಲಸದಿಂದ ತೆಗೆದ ದಿನ, ತನ್ನ ತಪ್ಪಿಲ್ಲ ಎಂದು ಮಾಲೀಕನಿಗೆ ತೋರಿಸಲು ಕದಿರೇಶ್ ತೆಗೆದಿಟ್ಟುಕೊಂಡಿದ್ದು. ಮಾಲೀಕ ನೋಡಲೇ ಇಲ್ಲ. ನೋಡಿದರೆ ನಿಜ ಒಪ್ಪಿಕೊಳ್ಳಬೇಕಾಗುತ್ತದಲ್ಲ, ಯಾಕೆ ಬೇಕು ಆ ತಾಪತ್ರಯ? ಹನ್ನೊಂದು ವರ್ಷ ದುಡಿದವನನ್ನು ಹನ್ನೊಂದು ನಿಮಿಷದಲ್ಲಿ ಆಚೆ ಕಳಿಸಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜಗತ್ತು ಇದು.

"ಐದನೇ ತಾರೀಕು ಶುಕ್ರವಾರ," ಕದಿರೇಶ್ ಬೆರಳಿಟ್ಟು ತೋರಿಸಿದ. "ಹತ್ತೂ ಹತ್ತಕ್ಕೆ ಪುಸ್ತಕ ಮಾರಾಟಕ್ಕೆ ಓಪನ್ ಆಗಿದೆ. ಆಗ ಇದ್ದ ಫೈಲಲ್ಲಿ ಇನ್ನೂರ ಐವತ್ತಾರು ಪುಟ. ಹನ್ನೆರಡೂ ಐದಕ್ಕೆ ಆ ಫೈಲ್ ತೆಗ್ದು ಬೇರೆ ಫೈಲ್ ಹಾಕಿದಾರೆ. ಅದ್ರಲ್ಲಿ ಇನ್ನೂರ ನಲವತ್ತು. ಎರಡನ್ನೂ ಹಾಕಿರೋದು ಮೇಡಮ್ಮೋರ ಲಾಗಿನ್ನಿಂದಾನೇ. ಆ ನಡುವೆ ಬಂದ ಎಂಟು ಆರ್ಡರ್ ಹಳೇ ಫೈಲಿಂದ ಪ್ರಿಂಟಾಗಿವೆ."

"ಅಂದ್ರೆ ಆ ಹದಿನಾರು ಪುಟ ನೀನು ಸೇರಿಸಿದ್ದಲ್ಲ."

"ನಾನು ಯಾಕಕ್ಕಾ ಸೇರಿಸ್ಲಿ? ಒಂದು ಆರ್ಡರ್ ಬಂದ್ರೆ ಒಂದು ಪುಸ್ತಕ ಅಚ್ಚಾಗುತ್ತೆ. ಕವರ್‌ಗೆ ಹಾಕಿ, ಬರೆದೋರ ಹೆಸರು ಅಡ್ರೆಸ್ ಇರೋ ಲೇಬಲ್ ಅಂಟ್ಸಿ, ಅಲ್ಲಿಂದಾನೇ ಓದೋರ ಮನೆಗೆ ಕಳಿಸ್ತೀವಿ. ಬರೆದೋರು ಆ ಪುಸ್ತಕನ ಮುಟ್ಟೋದೂ ಇಲ್ಲ, ನೋಡೋದೂ ಇಲ್ಲ. ಮಿಷನ್ನು ಓದಲ್ಲ. ನಾನೂ ಓದಲ್ಲ. ಏಂ ಚೇಸೇದಿ, ಏನ್ ಮಾಡೋದು, ದಿನಕ್ಕೆ ನಾನೂರು ಪುಸ್ತಕ ಕವರ್ ಮಾಡೋನಿಗೆ ಓದೋ ಪುರುಸೊತ್ತು ಎಲ್ಲಿ?"

ಒಳಗೆ ಗಂಟೆ ಹೊಡೆಯಿತು. ಕದಿರೇಶ್ ಟೋಪಿ ಹಾಕಿಕೊಂಡ. ಆ ಫೋಟೋವನ್ನು ಭಾರತಮ್ಮನ ಫೋನಿಗೆ ಕಳಿಸಿ, ಗೇಟಿನ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿ ನಿಂತ.

"ಇವತ್ತು ಆಯಮ್ಮ ಕಾಣಿಪಾಕದಲ್ಲಿ ಪ್ರಮಾಣ ಮಾಡ್ತಾರಂತೆ, ಹೌದಾ?"

"ಹೂಂ."

"ಮಾಡ್ಲಿ ಬಿಡಿ. ದೇವರಾದ್ರೂ ಫೋಟೋ ನೋಡ್ತಾನೇನೋ."

ಅವನು ಒಳಗೆ ಹೋದ. ಭಾರತಮ್ಮ ಬಸ್ಸಿಗೆ ನಡೆದಳು.

ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. 'ಆ ಅಧ್ಯಾಯ ನಾನು ಬರೆದೇ ಇಲ್ಲ ಆಂಟಿ, ಪ್ರೆಸ್ಸಿನವರು ಯಾರೋ ಸೇರಿಸಿದಾರೆ.' ಮುಳಬಾಗಿಲಿನ ಪುರೋಹಿತ ನಾಗರಾಜ ಶಾಸ್ತ್ರಿಗಳ ಮಗಳು ಸೌಪರ್ಣಿಕಾ, ಶ್ರೀನಿವಾಸಪುರದ ಮನೆಗೆ ಬಂದು, ಇದೇ ಭಾರತಮ್ಮನ ಕೈ ಹಿಡಿದುಕೊಂಡು ಹೇಳಿದ ಮಾತು ಅದು. ಇಪ್ಪತ್ತೇಳರ ಹುಡುಗಿಯ ಕಣ್ಣೀರು ನಂಬಿ, ಹತ್ತು ದಿನದಿಂದ ಊರೂರು ಸುತ್ತಿದ್ದಾಯಿತು. ಥೂ!

ನಂಬಲು ಕಾರಣವೂ ಇತ್ತು. ಸೌಪರ್ಣಿಕಾ ಬರೆದ ಪುಸ್ತಕ ಅವಳ ಅಜ್ಜಿ, ತಾಯಿಯ ತಾಯಿ, ತಿರುಮಲಮ್ಮನ ಬಗ್ಗೆ. ಗೌನಿಪಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮ. ಆಗ ಅದೇ ಊರಿನ ಪೋಸ್ಟಾಫೀಸಿನಲ್ಲಿದ್ದ ಭಾರತಮ್ಮನ ಎರಡು ಮಕ್ಕಳನ್ನೂ ಮೊದಲು ಎತ್ತಿಕೊಂಡದ್ದು ಆ ಕೈಯೇ. ಅಂಥವಳ ಹೆಸರಿಗೆ ಮಸಿ ಅಂದರೆ ಸುಮ್ಮನೆ ಕೂರುವುದು ಹೇಗೆ?

ಮಸಿ ಮೆತ್ತಿದ್ದು ಹದಿನೇಳನೇ ಅಧ್ಯಾಯ. ಮೂವತ್ತೊಂದು ವರ್ಷದ ಹಿಂದೆ, ಯುಗಾದಿಯ ಹಿಂದಿನ ದಿನ, ಗೌನಿಪಲ್ಲಿಯ ಮಾವಿನ ತೋಟದ ಮನೆಯೊಂದರಲ್ಲಿ ಹುಟ್ಟಿದ ಮಗು ಉಸಿರಾಡಲಿಲ್ಲವಂತೆ. ಮದುವೆಯಾಗದ ಹುಡುಗಿಯೊಬ್ಬಳು ಅದೇ ವಾರ ಹೆತ್ತ ಗಂಡುಮಗುವನ್ನು ನರ್ಸಮ್ಮ ತಂದು ಆ ತೊಟ್ಟಿಲಲ್ಲಿ ಮಲಗಿಸಿದಳಂತೆ. ಯಾರ ಹೆಸರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಊರಿನವರು ವರ್ಷ, ತಿಂಗಳು, ತೋಟ ಎಲ್ಲ ಬೆರಳಲ್ಲಿ ಎಣಿಸಿ ಅರ್ಧ ಗಂಟೆಯಲ್ಲಿ ಆ ತೋಟದೊಡೆಯ ಆಂಜಿನಪ್ಪನ ಮಗ ಶ್ರೀಧರನ ಮೇಲೆ ಬೆರಳಿಟ್ಟರು.

ಮೂರನೇ ದಿನಕ್ಕೆ ಹೆಣ್ಣಿನ ಕಡೆಯವರು ಶ್ರೀಧರನ ತಾಂಬೂಲ ವಾಪಸ್ ಕಳಿಸಿದರು. ನಾಲ್ಕನೇ ದಿನಕ್ಕೆ ಆಂಜಿನಪ್ಪನ ತಮ್ಮ ಶ್ರೀನಿವಾಸಪ್ಪ ಪಂಚಾಯ್ತಿ ಸೇರಿಸಿದ. 'ನಮ್ಮ ವಂಶದ ರಕ್ತ ಅಲ್ಲದೋನು ನಮ್ಮ ತೋಟದಲ್ಲಿ ಕಾಲಿಡಕೂಡ್ದು. ಆ ಪುಸ್ತಕದೋಳು ಕಾಣಿಪಾಕದ ವಿನಾಯಕನ ಮುಂದೆ ನಿಂತು, ಅದು ನನ್ನ ಮಾತಲ್ಲ, ನಾನು ಕಳಿಸಿಲ್ಲ ಅಂತ ಪ್ರಮಾಣ ಮಾಡ್ಲಿ. ಮಾಡಿದ್ರೆ ಹುಡುಗ ಉಳಿದ. ಇಲ್ಲಾಂದ್ರೆ ಗಂಟುಮೂಟೆ ಕಟ್ಟಲಿ.' ಈ ಗಡಿಯ ಕಡೆ ಕೋರ್ಟಿನ ತೀರ್ಪಿಗೂ ಇಲ್ಲದ ಬೆಲೆ ಕಾಣಿಪಾಕದ ಪ್ರಮಾಣಕ್ಕೆ. ಅಲ್ಲಿ ಸುಳ್ಳಾಡಿದವರು ಉಳಿಯುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ, ಸುಳ್ಳಾಡುವವರೂ ಕೂಡ.

ಇವತ್ತು ಗುರುವಾರ, ಇಪ್ಪತ್ತೈದನೇ ತಾರೀಕು. ಸಂಜೆಗೆ ಪ್ರಮಾಣ. ಸೌಪರ್ಣಿಕಾ ಅಲ್ಲಿ ನಿಂತು ಸುಳ್ಳು ಹೇಳಿದರೆ ಅವಳು ಕೆಟ್ಟಳು. ನಿಜ ಹೇಳಿದರೆ ಶ್ರೀಧರ ಬೀದಿಗೆ ಬಿದ್ದ.

ಆಂಜಿನಪ್ಪ ಆ ಪುಸ್ತಕಗಳನ್ನು ಮನೆಮನೆಯಿಂದ ಕಿತ್ತು ತಂದು ಕಣದಲ್ಲಿ ಸುಟ್ಟಿದ್ದ. ಎಷ್ಟು ಪ್ರತಿ ಬಂದಿದ್ದವು, ಯಾರಿಗೆ ಬಂದಿದ್ದವು ಎಂಬುದಕ್ಕೆ ಸಾಕ್ಷಿ ಉಳಿಯಲಿಲ್ಲ. ಆದರೆ ಪುಸ್ತಕ ಸುಟ್ಟ ಗಂಡಸರಿಗೆ ಕವರ್ ಸುಡುವುದು ಹೊಳೆಯಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಕವರನ್ನು ನಮ್ಮ ಹೆಂಗಸರು ಬಿಸಾಡುತ್ತಾರೆಯೇ? ಒಂದರಲ್ಲಿ ಅವರೆಬೀಜ, ಒಂದರಲ್ಲಿ ರೇಷನ್ ಕಾರ್ಡು, ಇನ್ನೊಂದರಲ್ಲಿ ಬಿ.ಪಿ. ಮಾತ್ರೆ. ಏಳು ಕವರ್ ಭಾರತಮ್ಮನ ಕೈಗೆ ಸಿಕ್ಕಿದವು. ಆಂಜಿನಪ್ಪನ ಮನೆಯದನ್ನು ಕೊಟ್ಟವಳು ಸುನಂದ, ಶ್ರೀನಿವಾಸಪ್ಪನ ಹೆಂಡತಿ. ಆಂಜಿನಪ್ಪನ ಹೆಂಡತಿ ಸತ್ತ ಮೇಲೆ ಎರಡು ಮನೆಗೂ ಅನ್ನ ಬೇಯಿಸುತ್ತಿರುವವಳು ಅವಳೇ. ಗಂಡನಿಗೆ ತಿಳಿಯದ ಹಾಗೆ ತಂದುಕೊಟ್ಟಿದ್ದಳು ಪಾಪ.

ಕವರಿನ ಮೇಲೆ ತೂಕ ಇತ್ತು. ಮೂವತ್ತೈದು ವರ್ಷ ಪಾರ್ಸೆಲ್ ತೂಗಿದವಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕೋಲಾರ, ಮಾಲೂರಿನ ಓದುಗರಿಗೆ ಬಂದ ಪ್ರತಿಗಳು ಮುನ್ನೂರ ಹನ್ನೆರಡು ಗ್ರಾಂ. ಗೌನಿಪಲ್ಲಿಯ ಏಳೂ ಮುನ್ನೂರ ಮೂವತ್ತೊಂದು. ಹತ್ತೊಂಬತ್ತು ಗ್ರಾಂ, ಎಂಟು ಹಾಳೆ. ಆ ಎಂಟು ಹಾಳೆಯ ಜಾಡು ಹಿಡಿದು ಪ್ರೆಸ್ಸಿಗೆ ಹೋಗಿ, ಅಲ್ಲಿಂದ ಕದಿರೇಶನನ್ನು ಹುಡುಕಿಕೊಂಡು ಹೋದದ್ದು.

ಈಗ ಎಂಟನೆಯ ವಿಳಾಸವೂ ಪಟ್ಟಿಯಲ್ಲಿ ಸಿಕ್ಕಿತು. ರಾಮಲಕ್ಷ್ಮಮ್ಮ, ಬಾವಿ ಬೀದಿ, ಗೌನಿಪಲ್ಲಿ.

ಭಾರತಮ್ಮ ಕೂತಲ್ಲೇ ನೆಟ್ಟಗಾದಳು. ರಾಮಲಕ್ಷ್ಮಮ್ಮ ಹೋದ ವರ್ಷದ ಶ್ರಾವಣದಲ್ಲೇ ತೀರಿಕೊಂಡಿದ್ದಳು. ಮನೆಗೆ ಬೀಗ. ಸತ್ತವಳು ಪುಸ್ತಕ ತರಿಸಿಕೊಳ್ಳುವುದಿಲ್ಲ. ಅವಳು ಸತ್ತದ್ದು ಗೊತ್ತಿಲ್ಲದ ಯಾರೋ ಕಳಿಸಿದ್ದಾರೆ.

ಹಾಗಾದರೆ ಶ್ರೀನಿವಾಸಪ್ಪ ಅಲ್ಲ. ಇಷ್ಟು ದಿನ ಅವಳ ಗುಮಾನಿಯೆಲ್ಲ ಆ ಮನುಷ್ಯನ ಮೇಲೇ ಇತ್ತು. ತೋಟ ಪೂರ್ತಿ ತನ್ನ ಮಕ್ಕಳಿಗೆ ಬರಲಿ ಎಂಬ ಆಸೆ ಅವನಿಗೆ ಮುಚ್ಚುಮರೆಯಿಲ್ಲದೆ ಇತ್ತು. ಆದರೆ ರಾಮಲಕ್ಷ್ಮಮ್ಮನ ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಅವನೊಬ್ಬ.

ಪಟ್ಟಿಯಲ್ಲಿದ್ದ ಆ ಪಾರ್ಸೆಲ್ಲಿನ ನಂಬರು ಹಾಕಿ ಫೋನಿನಲ್ಲಿ ನೋಡಿದಳು. ವಿಳಾಸದಾರರು ಇಲ್ಲ, ಕಳಿಸಿದವರಿಗೆ ವಾಪಸ್. ಕಳಿಸಿದವರ ವಿಳಾಸ ಅಂದರೆ ಸೌಪರ್ಣಿಕಾಳ ಮನೆ, ಮುಳಬಾಗಿಲು. ಹದಿನೆಂಟನೇ ತಾರೀಕು ಬಟವಾಡೆ. ಸಹಿ: ಪ್ರಿಯಂವದಾ.

ಸೌಪರ್ಣಿಕಾಳ ತಾಯಿ.

ಮುಳಬಾಗಿಲಿನಲ್ಲಿ ಇಳಿದಾಗ ಮೂರೂಕಾಲು. ಶಾಸ್ತ್ರಿಗಳ ಮನೆ ಮುಂದೆ ಕಾರಿರಲಿಲ್ಲ. ಪ್ರಿಯಂವದಾ ಹಜಾರದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಐವತ್ತು ದಾಟಿದ, ತುಂಬು ಕುಂಕುಮದ ಹೆಂಗಸು.

"ಬನ್ನಿ ಭಾರತಮ್ಮನೋರೆ. ಈಗಷ್ಟೇ ಎಲ್ರೂ ಕಾಣಿಪಾಕಕ್ಕೆ ಹೊರಟ್ರು. ಮೂರರ ತನಕ ರಾಹುಕಾಲ ಅಂತ ಕಾಯ್ತಿದ್ರು. ಇವ್ರು ಕೋಲಾರದಲ್ಲೊಂದು ಗೃಹಪ್ರವೇಶಕ್ಕೆ ಹೋಗಿದಾರೆ. ಕಾಫಿ ತರ್ತೀನಿ, ಕೂತ್ಕೊಳ್ಳಿ."

ಕಾಫಿ ಬಂತು. ಲೋಟವನ್ನು ಕೈಗೆ ಕೊಡದೆ ಟೀಪಾಯಿಯ ಮೇಲಿಟ್ಟಳು. ಆ ಮರ್ಯಾದೆಯೆಲ್ಲ ಭಾರತಮ್ಮನಿಗೆ ಹೊಸದಲ್ಲ. ಅವಳು ಲೋಟ ಮುಟ್ಟಲಿಲ್ಲ.

"ರಾಹುಕಾಲ ತುಂಬಾ ನೋಡ್ತೀರಾ ಅಮ್ಮಾ ನೀವು?"

"ಪುರೋಹಿತರ ಮನೆ ಅಲ್ವೇ? ನೋಡ್ದೆ ಇರೋಕಾಗುತ್ತಾ?"

"ಪುಸ್ತಕ ಹೊರಗೆ ಬಂದ ಶುಕ್ರವಾರಾನೂ ನೋಡಿದ್ರಿ ಅನ್ನಿ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು."

ಅಕ್ಕಿ ಆರಿಸುತ್ತಿದ್ದ ಬೆರಳುಗಳು ನಿಂತವು.

ಭಾರತಮ್ಮ ಫೋನು ತೆಗೆದು ಪಟ್ಟಿಯನ್ನು ಮೊರದ ಪಕ್ಕದಲ್ಲಿಟ್ಟಳು. "ಹತ್ತೂ ಹತ್ತಕ್ಕೆ ಪುಸ್ತಕ ಓಪನ್ ಆಯ್ತು. ಹನ್ನೆರಡೂ ಐದಕ್ಕೆ ಫೈಲ್ ಬದಲಾಯ್ತು. ನಡುವೆ ಒಬ್ರೂ ಆ ಫೈಲ್ ಮುಟ್ಟಿಲ್ಲ. ಯಾಕೆ ಅಂತ ಬಸ್ಸಲ್ಲಿ ಕೂತು ಯೋಚನೆ ಮಾಡಿ ಮಾಡಿ ಸಾಕಾಯ್ತು. ಈಗ ನೀವು ಮೂರು ಗಂಟೆ ತನಕ ಕಾದ್ರು ಅಂದ್ರಲ್ಲ, ಆಗ ಹೊಳೀತು."

ಪ್ರಿಯಂವದಾ ಮೊರವನ್ನು ಕೆಳಗಿಟ್ಟಳು. ಹೇಳಲೋ ಬೇಡವೋ ಎಂದು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮಾತು ತಾನಾಗಿ ಹೊರಬಂತು.

"ಇವ್ರು ಮುಹೂರ್ತ ಇಟ್ಟಿದ್ರು, ಒಂಬತ್ತೂ ಮುಕ್ಕಾಲಿಂದ ಹತ್ತೂ ಕಾಲು. ಬುಧವಾರಾನೇ ಸೌಪರ್ಣಿಕಾ ಬೆಲೆ, ಮುಖಪುಟ ನೋಡೋಕೆ ಅಂತ ಯಾವುದೋ ಹಳೇ ಪ್ರತಿ ಹಾಕಿಟ್ಟಿದ್ಳು. ಹೊಸದು ಶುಕ್ರವಾರ ಹಾಕೋದು ಅಂತ. ಅವತ್ತು ನೆಟ್ಟು ಕೈ ಕೊಡ್ತು. ಸುತ್ತುತ್ತೆ, ಸುತ್ತುತ್ತೆ, ಹೋಗಲ್ಲ. ಹತ್ತೂ ಹತ್ತಾಯ್ತು. ಇವ್ರಿಗೆ ಕೋಪ ನೆತ್ತಿಗೇರ್ತು. ಹಳೇದೋ ಹೊಸದೋ, ಪುಸ್ತಕ ಒಂದೇ ಅಲ್ವೇನೆ, ಇರೋದನ್ನ ಒತ್ತು, ಮುಹೂರ್ತ ಮೀರುತ್ತೆ ಅಂದ್ರು. ಅವಳು ಒಲ್ಲೆ ಅಂದ್ಳು. ಇವ್ರೇ ಮೌಸ್ ಕಿತ್ಕೊಂಡು ಒತ್ತಿಬಿಟ್ರು. ನಾನು ಕಂಪ್ಯೂಟರಿಗೆ ಆರತಿ ಎತ್ತಿದೆ."

"ಆಮೇಲೆ ರಾಹುಕಾಲ."

"ಹನ್ನೆರಡರ ತನಕ ಯಾರೂ ಮುಟ್ಟಬೇಡಿ ಅಂದು ಇವ್ರು ದೇವಸ್ಥಾನಕ್ಕೆ ಹೋದ್ರು."

ಅಯ್ಯೋ ರಾಮ! ಶತ್ರು, ಪಿತೂರಿ, ಲಂಚ ಎಂದೆಲ್ಲ ಭಾರತಮ್ಮ ಹತ್ತು ದಿನ ತಲೆ ಕೆಡಿಸಿಕೊಂಡಿದ್ದಳು. ಒಂದು ಸಂಸಾರ ಒಡೆದದ್ದು ಐದು ನಿಮಿಷ ಕಾಯಲಾರದ ಮುಹೂರ್ತಕ್ಕೆ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

"ಆ ಹೊತ್ತಲ್ಲಿ ಗೌನಿಪಲ್ಲಿಗೆ ಆರ್ಡರ್ ಮಾಡಿದ್ದು ನೀವೇ ತಾನೆ?"

"ನಾನ್ಯಾಕೆ ಮಾಡ್ಲಿ?"

"ರಾಮಲಕ್ಷ್ಮಮ್ಮ ಸತ್ತು ವರ್ಷದ ಮೇಲಾಯ್ತು ಅಮ್ಮಾ. ಗೌನಿಪಲ್ಲಿಯೋರ್ಯಾರೂ ಆಯಮ್ಮನಿಗೆ ಪುಸ್ತಕ ಕಳಿಸಲ್ಲ. ನಿಮ್ಮ ತಾಯಿಯ ಹಳೇ ಅಡ್ರೆಸ್ ಪುಸ್ತಕ ನೋಡಿದೋರು ಮಾತ್ರ ಕಳಿಸ್ತಾರೆ. ಅದು ವಾಪಸ್ ಬಂತು. ಸಹಿ ಮಾಡಿ ಇಸ್ಕೊಂಡೋರು ನೀವು. ಪೋಸ್ಟಾಫೀಸಿನೋಳ ಹತ್ರ ಪಾರ್ಸೆಲ್ ಸುಳ್ಳು ಹೇಳ್ಬೇಡಿ."

ಪ್ರಿಯಂವದಾಳ ಮುಖ ಬಿಳಿಚಿಕೊಂಡಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಪ್ರೀತಿಗೆ ಕಳಿಸಿದ್ದು ಭಾರತಮ್ಮನೋರೆ. ನಮ್ಮಮ್ಮನ ಕೈಲಿ ಮಕ್ಕಳು ಹುಟ್ಟಿದ ಮನೆಗಳು. ಮೊದಲ ಪ್ರತಿ ಅವ್ರಿಗೆ ಹೋಗ್ಲಿ ಅಂತ ನನ್ನ ಫೋನಲ್ಲೇ, ನನ್ನ ದುಡ್ಡಲ್ಲೇ ಆರ್ಡರ್ ಮಾಡ್ದೆ. ಉಡುಗೊರೆ ಕೊಡೋಕೆ ರಾಹುಕಾಲ ಅಡ್ಡಿ ಇಲ್ಲ ಅಂದ್ಕೊಂಡೆ. ಅದ್ರೊಳಗೆ ಏನಿದೆ ಅಂತ ನಂಗೆ ಗೊತ್ತಿರಲಿಲ್ಲ. ನನ್ನಾಣೆ!"

"ಹದಿನೆಂಟನೇ ತಾರೀಕು ಗೊತ್ತಾಯ್ತಲ್ಲ. ವಾಪಸ್ ಬಂದಿದ್ದನ್ನ ಓದಿದ್ರಿ ತಾನೆ?"

"ಓದಿದೆ."

"ಇವತ್ತು ಇಪ್ಪತ್ತೈದು. ಏಳು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ. ಆ ಹುಡುಗನ್ನ ಊರೋರೆಲ್ಲ ಆಡ್ಕೊಂಡು ನಗ್ತಿದ್ರು. ಪ್ರೆಸ್ಸಿನ ಹುಡುಗನ ಅನ್ನ ಹೋಯ್ತು. ಎರಡು ಮಕ್ಕಳ ತಂದೆ ಅವನು. ಒಂದು ಮಾತು, 'ತಪ್ಪು ನಮ್ಮನೇದು' ಅನ್ನೋ ಒಂದು ಮಾತು ನಿಮ್ಮ ಬಾಯಲ್ಲಿ ಬರ್ಲಿಲ್ಲ."

"ಹೇಳಿದ್ರೆ?" ಪ್ರಿಯಂವದಾ ಥಟ್ಟನೆ ಸಿಡಿದಳು. "ಶಾಸ್ತ್ರಿಗಳು ಇಟ್ಟ ಮುಹೂರ್ತದಲ್ಲಿ ಒಂದು ಮನೆ ಒಡೀತು ಅಂತ ಊರು ಆಡ್ಕೊಳ್ಳಲ್ವಾ? ನಾಳೆ ಇವ್ರನ್ನ ಯಾರು ಮದುವೆಗೆ ಕರೀತಾರೆ, ಯಾರು ಗೃಹಪ್ರವೇಶಕ್ಕೆ ಕರೀತಾರೆ? ಮುಹೂರ್ತ ಇಡೋನ ಕೈಗುಣ ಕೆಡ್ತು ಅಂದ್ರೆ ಮುಗೀತು. ನಿಮಗೆ ಪಿಂಚಣಿ ಬರುತ್ತೆ. ನಮಗೇನು ಬರುತ್ತೆ?"

"ಅದಕ್ಕೆ ಹೆತ್ತ ಮಗಳನ್ನ ಸುಳ್ಳು ಪ್ರಮಾಣಕ್ಕೆ ಕಳಿಸಿದ್ರಾ?"

ಪ್ರಿಯಂವದಾ ಅಳತೊಡಗಿದಳು. ಸದ್ದಿಲ್ಲದ ಅಳು. ಭಾರತಮ್ಮನಿಗೆ ಕನಿಕರ ಬರಲಿಲ್ಲ, ನಿಜ ಹೇಳಬೇಕೆಂದರೆ ಅಸಹ್ಯವಾಯಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೂ ಬೇಜಾರಾಯಿತು.

"ಏಳಿ. ಫೋನ್ ಮಾಡಿ ಮಗಳನ್ನ ನಿಲ್ಸಿ. ಎಂಟು ಮನೆಗೂ ನಾನೇ ಕಳಿಸ್ದೆ, ತಪ್ಪಾಯ್ತು ಅಂತ ಆಂಜಿನಪ್ಪನಿಗೆ ನೀವೇ ಹೇಳಿ. ಅದೊಂದು ಕಟ್ಟುಕತೆ, ಬೇಡ ಅಂತ ತೆಗೆದಿದ್ದು ಅಂದುಬಿಡಿ. ಹುಡುಗ ಉಳೀತಾನೆ."

"ಏಳು," ಎಂದಳು ಪ್ರಿಯಂವದಾ ಮೂಗೊರೆಸಿಕೊಳ್ಳುತ್ತ.

"ಏನು?"

"ಏಳು ಮನೆ. ಎಂಟಲ್ಲ."

"ಪಟ್ಟಿಯಲ್ಲಿ ಎಂಟಿದೆಯಲ್ಲಮ್ಮಾ."

ಪ್ರಿಯಂವದಾ ಫೋನನ್ನು ಹತ್ತಿರ ಎಳೆದುಕೊಂಡು, ಒಂದೊಂದು ಹೆಸರಿಗೂ ಬೆರಳು ಮಡಿಸುತ್ತ ಬಂದಳು. ಏಳು ಬೆರಳು ಮಡಿಸಿದ್ದಾಯಿತು. ಕೊನೆಯ ಹೆಸರಿಗೆ ಬಂದಾಗ ಬೆರಳು ಮಡಿಸದೆ ಫೋನನ್ನು ಆಚೆ ತಳ್ಳಿದಳು.

"ಆಂಜಿನಪ್ಪನ ಮನೆಗೆ ನಾನು ಕಳಿಸ್ಲಿಲ್ಲ. ಆ ಮನೆಗೆ ನಾನು ಕಳಿಸ್ತೀನಾ? ಸಾಯೋ ಹಿಂದಿನ ದಿನ ಅಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ಳು, ಆ ಮನೆ ಬಾಗಿಲಿಗೆ ನಮ್ಮನೆ ಹೆಸರೂ ಹೋಗ್ಕೂಡ್ದು ಅಂತ."

ಭಾರತಮ್ಮ ಫೋನನ್ನು ಕೈಗೆತ್ತಿಕೊಂಡಳು. ಹಾಗಾದರೆ ಹದಿನೇಳನೇ ಅಧ್ಯಾಯ ಕಟ್ಟುಕತೆಯಲ್ಲ.

ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಗೇಟಿನ ಹತ್ತಿರದ ಗಡಿಬಿಡಿಯಲ್ಲಿ ಇಷ್ಟು ವಿವರ ನೋಡಲು ಆಗಿರಲಿಲ್ಲ. ಏಳು ಆರ್ಡರ್ ಹತ್ತೂ ನಲವತ್ತರಿಂದ ಹನ್ನೊಂದೂ ಹತ್ತರವರೆಗೆ, ಒಂದರ ಹಿಂದೊಂದು, ಒಂದೇ ಫೋನಿನಿಂದ, ಪೂರ್ತಿ ಬೆಲೆಗೆ. ಎಂಟನೆಯದು, ಆಂಜಿನಪ್ಪನ ಮನೆಯದು, ಹನ್ನೊಂದೂ ಐವತ್ತೆರಡಕ್ಕೆ. ಅದಕ್ಕೆ ಬೆಲೆ ಕಡಿಮೆ. ಲೇಖಕರ ರಿಯಾಯಿತಿ ದರ.

"ಹನ್ನೆರಡಕ್ಕೆ ಎಂಟು ನಿಮಿಷ ಇದ್ದಾಗ ಕಂಪ್ಯೂಟರ್ ಹತ್ರ ಯಾರಿದ್ರು?"

"ಯಾರೂ ಇರಲಿಲ್ಲ. ಅವಳೊಬ್ಬಳೇ, ತಲೆನೋವು ಅಂತ ಬಾಗಿಲು ಹಾಕ್ಕೊಂಡು..." ಪ್ರಿಯಂವದಾ ಮಾತು ನುಂಗಿದಳು.

ಆ ಹಳೇ ಫೈಲಿನಲ್ಲಿ ಏನಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಸೌಪರ್ಣಿಕಾಳಿಗೆ ಮಾತ್ರ. ಹನ್ನೆರಡೂ ಐದಕ್ಕೆ ಅದನ್ನು ತೆಗೆದು ಹಾಕಿದವಳೂ ಅವಳೇ. ತೆಗೆಯುವ ಮೊದಲು, ಗೊತ್ತಿದ್ದೂ ಗೊತ್ತಿದ್ದೂ, ಒಂದು ಪ್ರತಿಯನ್ನು ಯಾರನ್ನು ಸುಡಬೇಕೋ ಅವರ ಮನೆಗೇ ಕಳಿಸಿದ್ದಾಳೆ.

"ವಾಪಸ್ ಬಂದ ಪುಸ್ತಕ ಎಲ್ಲಿ? ಕೊಡಿ ಇಲ್ಲಿ."

ಪ್ರಿಯಂವದಾ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ತೆಗೆದ ಸದ್ದು, ರೇಷ್ಮೆ ಸೀರೆಗಳನ್ನು ಒಂದೊಂದಾಗಿ ನೆಲಕ್ಕೆ ಹಾಕಿದ ಸದ್ದು. ಹೊರಗೆ ಬಂದಾಗ ಅವಳ ಕೈ ಬರಿದಾಗಿತ್ತು.

"ಇಲ್ಲ. ಬೆಳಗ್ಗೆ ಇತ್ತು."

ಭಾರತಮ್ಮ ಸೌಪರ್ಣಿಕಾಳ ನಂಬರ್ ಒತ್ತಿದಳು. ಮೂರನೇ ಸಲಕ್ಕೆ ಎತ್ತಿದಳು ಹುಡುಗಿ. ಹಿಂದೆ ಲಾರಿಗಳ ಸದ್ದು.

"ಹೇಳಿ ಆಂಟಿ. ನಂಗಲಿ ಹತ್ರ ನಿಲ್ಸಿದಾರೆ. ಎಲ್ರೂ ಟೀ ಕುಡೀತಿದಾರೆ. ನಾನು ದೂರ ಬಂದು ಮಾತಾಡ್ತಿದೀನಿ."

"ಪುಸ್ತಕ ನಿನ್ನ ಹತ್ರ ಇದ್ಯೇನೇ?"

"ಬ್ಯಾಗಲ್ಲಿದೆ."

"ಆಂಜಿನಪ್ಪನ ಮನೆಗೆ ಕಳಿಸ್ದೋಳು ನೀನೇ."

ಆ ಕಡೆ ಒಂದು ಲಾರಿ ಅಬ್ಬರಿಸಿ ದಾಟಿಹೋಯಿತು.

"ನಾನೇ ಆಂಟಿ. ಒಂದೇ ಪ್ರತಿ ಅಂತ ಕಳಿಸ್ದೆ. ಕೇಳಿದೋರು ಆ ಮನೆ ವಿಳಾಸಕ್ಕೇ ಕಳಿಸು, ಗುಟ್ಟಾಗಿ ಓದಿ ಸುಟ್ಟು ಹಾಕ್ತೀನಿ ಅಂದಿದ್ರು. ಅಮ್ಮ ಊರಿಗೆಲ್ಲ ಹಂಚ್ತಾಳೆ ಅಂತ ನಂಗೇನು ಗೊತ್ತು?"

"ಕೇಳಿದ್ರಾ? ಯಾರು ಕೇಳಿದ್ರು?"

"ಇಲ್ಲೇ ನಿಂತು ಟೀ ಕುಡೀತಿದಾರೆ. ನನ್ನೇ ನೋಡ್ತಿದಾರೆ."

"ಸೌಪರ್ಣಿಕಾ, ನನ್ನ ಮಾತು ಕೇಳು. ಪ್ರಮಾಣ ಮಾಡ್ಬೇಡ. ಸುಳ್ಳು ಹೇಳ್ಬೇಡ ಕಣೇ."

"ಸುಳ್ಳು ಹೇಳ್ತೀನಿ ಅಂತ ಯಾರು ಹೇಳಿದ್ರು? ಪ್ರಮಾಣ ಮಾಡ್ತೀನಿ ಅಂದೆ, ಅಷ್ಟೇ. ನನಗೆ ಸಾಕಾಗಿದೆ ಆಂಟಿ. ಆ ಪ್ರೆಸ್ಸಿನೋನ ಹೆಸರು ಹೇಳಿದ ದಿನದಿಂದ ನನಗೆ ನಿದ್ದೆ ಇಲ್ಲ. ನಾನೊಬ್ಬಳೇ ಯಾಕೆ ಕಳ್ಳಿ ಆಗ್ಲಿ? ದೇವರ ಮುಂದೆ ಅವರು ಬಾಯಿ ಬಿಟ್ರೆ ಸರಿ. ಬಿಡ್ಲಿಲ್ಲ ಅಂದ್ರೆ ಹದಿನೇಳನೇ ಅಧ್ಯಾಯ ಅಲ್ಲೇ ನಿಂತು ಜೋರಾಗಿ ಓದ್ತೀನಿ. ಅದ್ರಲ್ಲಿ ಇಲ್ಲದ ಹೆಸರನ್ನೂ ಸೇರಿಸಿ ಓದ್ತೀನಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

"ಕಾರಲ್ಲಿ ಯಾರ್ಯಾರು ಹೋದ್ರು?" ಭಾರತಮ್ಮ ಚಪ್ಪಲಿ ಮೆಟ್ಟುತ್ತ ಕೇಳಿದಳು.

"ಆಂಜಿನಪ್ಪ. ಶ್ರೀಧರ. ಕಾರ್ ಓಡಿಸಿದ್ದು ಶ್ರೀನಿವಾಸಪ್ಪ." ಪ್ರಿಯಂವದಾ ಬಾಗಿಲಿಗೆ ಒರಗಿ ನಿಂತಿದ್ದಳು. "ಅವನ ಹೆಂಡ್ತಿ ಸುನಂದ."

ಕೊನೆಯ ಹೆಸರನ್ನು ಅವಳು ಹೇಳಿದ ರೀತಿಗೆ ಭಾರತಮ್ಮನ ಕಾಲು ಹೊಸ್ತಿಲಲ್ಲೇ ನಿಂತಿತು.

"ಆ ಮದುವೆಯಾಗದ ಹುಡುಗಿ ಯಾರು ಅಂತಾನೂ ನಿಮ್ಮಮ್ಮ ಹೇಳಿದ್ರಾ?"

ಪ್ರಿಯಂವದಾ ಹೌದೆಂದು ತಲೆಯಾಡಿಸಿದಳು.

"ಎರಡು ವರ್ಷ ಆದ್ಮೇಲೆ ಅದೇ ಮನೆಗೆ ಸೊಸೆಯಾಗಿ ಬಂದ್ಳು. ಬೇರೆ ಎಷ್ಟೋ ಸಂಬಂಧ ಬಂದಿದ್ವಂತೆ, ಈ ಮನೇನೇ ಬೇಕು ಅಂತ ಹಟ ಹಿಡಿದ್ಳಂತೆ. ಶ್ರೀನಿವಾಸಪ್ಪನಿಗೆ ಇವತ್ತಿಗೂ ಗೊತ್ತಿಲ್ಲ ಭಾರತಮ್ಮನೋರೆ, ತೋಟದಿಂದ ಆಚೆ ಹಾಕಿಸ್ತೀನಿ ಅಂತ ಕುಣೀತಿರೋದು ತನ್ನ ಹೆಂಡ್ತಿ ಹೆತ್ತ ಮಗನ್ನ ಅಂತ."